ಕಣ್ಣಿಗೆ ಬಟ್ಟೆ ಕಟ್ಟುವ ಆಟ ನಾನು ಆಡಿಸೋದಿಲ್ಲ

ಡಿಸೆಂಬರ್ ಹತ್ತಿರ ಬಂತು ಅಂದ್ರೆ ನನಗೆ ಫೋನ್ ಜಾಸ್ತಿ. ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. "ಮೇಡಂ, ಬಂದು ಏನಾದ್ರೂ ಚಟುವಟಿಕಿ ಮಾಡಿಸ್ರಿ" ಅಂತ ಹೆಡ್‌ಮಾಸ್ತರರು ಕರೆಯುತ್ತಾರೆ. ಯಾವ ಚಟುವಟಿಕೆ ಅನ್ನೋದನ್ನೂ ಅವರೇ ಹೇಳಿಬಿಡುತ್ತಾರೆ. ಮಕ್ಕಳ ಕಣ್ಣಿಗೆ ಕರವಸ್ತ್ರ ಕಟ್ಟಿ ಅಂಗಳದಲ್ಲಿ ನಡೆಸೋದು, ಕಿವಿಗೆ ಹತ್ತಿ ತುರುಕೋದು, ಆಮೇಲೆ ಒಂದು ಭಾಷಣ.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಬಿಐಇಆರ್‌ಟಿ. ಅಂದ್ರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ. ನನಗೆ ಅಂತ ಒಂದು ಶಾಲೆ ಇಲ್ಲ, ತಾಲ್ಲೂಕಿನ ಶಾಲೆಗಳನ್ನು ಸುತ್ತುವುದೇ ಕೆಲಸ. ಕಾಣದ, ಕೇಳದ ಮಕ್ಕಳಿಗೆ ಕಲಿಸುವುದು ಅರ್ಧ ಕೆಲಸ. ಅವರ ಪಕ್ಕದಲ್ಲಿ ಕೂತ ಮಕ್ಕಳಿಗೆ ಕಲಿಸುವುದು ಇನ್ನರ್ಧ. ನನ್ನ ಲೆಕ್ಕದಲ್ಲಿ ಎರಡನೆಯದೇ ಕಷ್ಟ.

ಬಟ್ಟೆ ಕಟ್ಟಿದ ಮಗು ಐದು ನಿಮಿಷ ತಡಕಾಡುತ್ತದೆ, ಎಡವುತ್ತದೆ, ಹೆದರುತ್ತದೆ. ಬಟ್ಟೆ ಬಿಚ್ಚಿದ ಕೂಡಲೇ "ಅಯ್ಯೋ ಪಾಪ, ನನ್ನ ಕೈಲೆ ಆಗಂಗಿಲ್ಲಪಾ" ಅನ್ನುತ್ತದೆ. ಮಾರನೇ ದಿನದಿಂದ ಕಣ್ಣು ಕಾಣದ ಸಹಪಾಠಿಯ ಚೀಲ ತಾನೇ ಹೊರುತ್ತದೆ, ಕೈ ಹಿಡಿದು ಎಳೆದುಕೊಂಡು ಓಡಾಡಿಸುತ್ತದೆ. ಮೇಷ್ಟ್ರಿಗೆ ಇದು ಒಳ್ಳೆಯತನದ ಹಾಗೆ ಕಾಣುತ್ತದೆ. ಆದರೆ ಆ ಮಗು ಕಲಿತದ್ದು ಕಣ್ಣು ಹೋದ ಮೊದಲ ಐದು ನಿಮಿಷದ ಗಾಬರಿಯನ್ನು ಮಾತ್ರ. ಹುಟ್ಟಿನಿಂದ ಕಾಣದವರಿಗೆ ಆ ಗಾಬರಿ ಇರುವುದೇ ಇಲ್ಲ. ಅವರಿಗೆ ಬಿಳಿ ಕೋಲು ಇದೆ, ಬೆರಳು ಪಳಗಿದೆ, ಶಾಲೆಯ ಕಟ್ಟೆ ಎಲ್ಲಿ ಮುಗಿಯುತ್ತದೆ ಅನ್ನೋದು ಕಾಲಿಗೆ ಗೊತ್ತಿದೆ. ಹಾಗಾಗಿ ನಾನು ಕತ್ತಲೆ ಕೊಡೋದಿಲ್ಲ. ಅವರ ಹತ್ತಿರ ಇರುವ ವಿದ್ಯೆಯಲ್ಲಿ ಸ್ವಲ್ಪ ಕೊಡುತ್ತೇನೆ.

ಮೊದಲು ನೋಟು. 100, 200, 500ರ ನೋಟುಗಳನ್ನು ಒಂದು ಚೀಲಕ್ಕೆ ಹಾಕಿ, ಒಳಗೆ ಕೈ ಬಿಟ್ಟು ಕೇಳಿದ್ದನ್ನು ತೆಗೆಯಿರಿ ಅನ್ನುತ್ತೇನೆ. 100ಕ್ಕಿಂತ 200, 200ಕ್ಕಿಂತ 500 ಉದ್ದ, ಆದರೆ ಒಂದೊಂದರ ನಡುವೆ ಇರೋದು 4 ಮಿಲಿಮೀಟರ್ ವ್ಯತ್ಯಾಸ ಅಷ್ಟೇ. ಅಂಚಿನಲ್ಲಿ ಉಬ್ಬಿದ ಓರೆ ಗೆರೆಗಳಿವೆ. 100ಕ್ಕೆ ನಾಲ್ಕು, 200ಕ್ಕೆ ನಾಲ್ಕು ಗೆರೆ ಮತ್ತು ನಡುವೆ ಎರಡು ಸೊನ್ನೆ, 500ಕ್ಕೆ ಐದು. 100ರ ಮೇಲೆ ಉಬ್ಬಿದ ತ್ರಿಕೋನ, 500ರ ಮೇಲೆ ವೃತ್ತ. ದಿನಾ ಕೈಯಲ್ಲಿ ಹಿಡಿಯುವ ನೋಟಿನಲ್ಲಿ ಇಷ್ಟೆಲ್ಲ ಇದೆ ಅಂತ ಮಕ್ಕಳಿಗೆ ಇರಲಿ, ಮೇಷ್ಟ್ರಿಗೂ ಗೊತ್ತಿರೋದಿಲ್ಲ. ಐದನೇ ತರಗತಿಯ ಒಬ್ಬ ಹುಡುಗಿಗೆ ದೃಷ್ಟಿ ಇಲ್ಲ, ಅಪ್ಪನ ಜೊತೆ ಸಂತೆಯಲ್ಲಿ ಕೂರುತ್ತಾಳೆ. ಆ ತರಗತಿಯಲ್ಲಿ ಅವಳನ್ನೇ ತೀರ್ಪುಗಾರಳನ್ನಾಗಿ ಕೂರಿಸಿದೆ. ಒಬ್ಬ ಹುಡುಗ ತೆಗೆದುಕೊಟ್ಟ ನೋಟನ್ನು ಬೆರಳಲ್ಲಿ ಮಡಚಿ ನೋಡಿ, "ಇದು ಸವದೈತಿ, ಇದರಾಗ ಗೆರಿ ಹುಡುಕಬ್ಯಾಡ, ಉದ್ದ ನೋಡು" ಅಂದಳು. ಅಲ್ಲಿಂದ ಮುಂದೆ ಆ ತರಗತಿಯಲ್ಲಿ ಪಾಪ ಅನ್ನುವ ಮಾತು ಬರಲಿಲ್ಲ. ನೋಟು ಗುರುತಿಸೋಕೆ ರಿಸರ್ವ್ ಬ್ಯಾಂಕಿನದೇ ಮನಿ ಅನ್ನುವ ಆ್ಯಪ್ 2020ರಿಂದ ಇದೆ. ಅದನ್ನೂ ತೋರಿಸುತ್ತೇನೆ. ಸಂತೆಯ ಗದ್ದಲದಲ್ಲಿ ಬೆರಳೇ ಬೇಗ.

ಆಮೇಲೆ ಬ್ರೈಲ್, ಬೆರಳಲ್ಲಿ ಮುಟ್ಟಿ ಓದುವ ಉಬ್ಬು ಚುಕ್ಕೆಯ ಲಿಪಿ. ಮೊಟ್ಟೆ ಟ್ರೇಯಿಂದ ಆರು ಗುಳಿಯ ತುಂಡು ಕತ್ತರಿಸಿ, ಲಿಂಬೆಹಣ್ಣು ಕೊಡುತ್ತೇನೆ. ಗುಳಿಯಲ್ಲಿ ಹಣ್ಣು ಇಟ್ಟರೆ ಅದೇ ಚುಕ್ಕೆ. ಎಡಗಡೆ ಮೇಲಿಂದ ಕೆಳಗೆ 1, 2, 3. ಬಲಗಡೆ 4, 5, 6. ಕ ಅಂದ್ರೆ 1, 3. ಮ ಅಂದ್ರೆ 1, 3, 4. ಲ ಅಂದ್ರೆ 1, 2, 3. ಮೂರು ಟ್ರೇ ಸಾಲಾಗಿ ಇಟ್ಟರೆ ಕಮಲ ಆಯ್ತು. ಲೂಯಿ ಬ್ರೈಲ್ ಕತೆ ಹೇಳೋದು ಇದೆಲ್ಲ ಆದಮೇಲೆ: 1809ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ, ಮೂರು ವರ್ಷದವನಿದ್ದಾಗ ಅಪ್ಪನ ಚರ್ಮದ ಕೆಲಸದ ಮೊನಚು ಸಲಕರಣೆ ಕಣ್ಣಿಗೆ ತಾಗಿತು, 1829ರಲ್ಲಿ ತನ್ನ ಲಿಪಿಯನ್ನು ಪುಸ್ತಕ ಮಾಡಿ ಪ್ರಕಟಿಸಿದಾಗ ಇನ್ನೂ ಇಪ್ಪತ್ತರ ಹುಡುಗ. ಕತೆ ಮೊದಲೇ ಹೇಳಿದರೆ ಮಕ್ಕಳು ಕಣ್ಣು ಹೋದ ಜಾಗದಲ್ಲೇ ನಿಂತುಬಿಡುತ್ತಾರೆ. ಅಕ್ಷರ ಕೈಗೆ ಬಂದಮೇಲೆ ಹೇಳಿದರೆ, ಆರೇ ಚುಕ್ಕೆಯಲ್ಲಿ ಹೆಂಗ ಹೊಂದಿಸಿದ ಅಂತ ಕೇಳುತ್ತಾರೆ.

ಕನ್ನಡ ಬ್ರೈಲಿನಲ್ಲಿ ನಮ್ಮ ಮಕ್ಕಳಿಗೆ ಭಾಳ ಹಿಡಿಸೋದು ಬೇರೆಯೇ ಒಂದು. ಅಲ್ಲಿ ಕೆಳಗೆ ಇಳಿಯುವ ಒತ್ತಕ್ಷರ ಇಲ್ಲ. ಅಕ್ಷರಕ್ಕಿಂತ ಮೊದಲು 4ನೇ ಚುಕ್ಕೆ ಇಟ್ಟರೆ ಅದು ಅರ್ಧಾಕ್ಷರ, ಪಕ್ಕದಲ್ಲೇ ಮುಂದಿನ ಅಕ್ಷರ. ಕಾಗುಣಿತವೂ ಹಾಗೇ, ಕ ಪಕ್ಕ ಆ ಬರೆದರೆ ಕಾ. ಎಲ್ಲ ಒಂದೇ ಸಾಲಿನಲ್ಲಿ. ನಾಲ್ಕನೇ ತರಗತಿಯಾದರೂ ಒತ್ತಕ್ಷರದಲ್ಲಿ ಒದ್ದಾಡುತ್ತಿದ್ದ ಒಬ್ಬ ಹುಡುಗ, "ಅಕ್ಕೋರ, ನಮ್ಗೂ ಹಿಂಗ ಇದ್ರ ಚಲೋ ಇತ್ತಲ್ರಿ" ಅಂದ. ಬರೆಯೋಕೆ ಬ್ರೈಲ್ ಸ್ಲೇಟು ಎಲ್ಲರಿಗೂ ಸಾಲೋದಿಲ್ಲ. ಹಳೆಯ ಮದುವೆ ಕಾರ್ಡು, ಕೆಳಗೆ ಮಡಚಿದ ಟವೆಲ್ಲು, ಮಸಿ ಮುಗಿದ ರೀಫಿಲ್ಲು ಸಾಕು. ಚುಚ್ಚಿದ್ದು ಹಿಂದಿನ ಬದಿ ಉಬ್ಬುತ್ತದೆ, ಹಾಗಾಗಿ ಬಲದಿಂದ ಎಡಕ್ಕೆ, ಅಕ್ಷರ ತಿರುವಿ ಚುಚ್ಚಬೇಕು. ಇದನ್ನು ನಾನು ಹೇಳಿಕೊಡೋದಿಲ್ಲ. ಕಾರ್ಡು ತಿರುವಿ ಹಾಕಿ ಅವರೇ ಕಂಡುಕೊಳ್ಳಲಿ.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಗುಳೇದಗುಡ್ಡದ ಕಡೆಯ ಒಂದು ಶಾಲೆಯಲ್ಲಿ ಮಕ್ಕಳು ಮುಟ್ಟಿ ಓದುವ ಪುಸ್ತಕ ಮಾಡಿದರು. ದಪ್ಪ ಹಾಳೆಯ ಮೇಲೆ ಗೋಂದು ಹಚ್ಚಿ, ದಾರ ಅಂಟಿಸಿ ಚಕ್ಕಡಿ ಬಿಡಿಸಿದ್ದರು. ಎತ್ತು, ನೊಗ, ಗಾಲಿ ಎಲ್ಲ ಚೆನ್ನಾಗಿತ್ತು. ಕಣ್ಣಿಗೆ. ದೃಷ್ಟಿಯಿಲ್ಲದ ಹುಡುಗಿ ಅದರ ಮೇಲೆ ಬೆರಳು ಆಡಿಸಿ, "ಶ್ಯಾವಿಗಿ ಚೆಲ್ಲೀರೇನು?" ಅಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಮಕ್ಕಳೇ ಯೋಚನೆಗೆ ಬಿದ್ದರು. ದೂರದಿಂದ ನೋಡಿದಾಗ ಕಾಣುವ ರೂಪ ಚಿತ್ರ. ಬೆರಳಿಗೆ ಆ ದೂರ ಎಲ್ಲಿಂದ ಬರಬೇಕು? ಬೆರಳಿಗೆ ಬೇಕಾದದ್ದು ವಸ್ತು.

ಕೊನೆಗೆ ಅವರು ಹೊಲಿದದ್ದು ಅಜ್ಜಿಯ ಎಲೆ ಅಡಿಕೆ ಚಂಚಿ. ಗುಳೇದಗುಡ್ಡದ ಖಣದ ಚೂರು, ಇಳಕಲ್ ಸೀರೆಯ ಹಳೇ ಸೆರಗು ಸೇರಿಸಿ ಹೊಲಿದ ನಾಲ್ಕೈದು ಜೇಬುಗಳ ಚಂಚಿ. ಪ್ರತಿ ಜೇಬೂ ಒಂದು ಪುಟ. ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಒಂದರಲ್ಲಿ ಲವಂಗ, ಒಂದರಲ್ಲಿ ಟ್ರಂಕಿನ ಕೀಲಿ. ಅಜ್ಜಿ ಕೀಲಿ ಕಳೆದುಕೊಂಡು ಊರೆಲ್ಲ ಹುಡುಕುವ ಕತೆ, ತರಗತಿಯದೇ. ಜೇಬಿನ ಮೇಲೆ ಕನ್ನಡದಲ್ಲೂ ಬ್ರೈಲಿನಲ್ಲೂ ಒಂದೊಂದು ಸಾಲು. ಒಂದೇ ಪುಸ್ತಕ, ಇಬ್ಬರೂ ಓದಬಹುದು. ಖಣದ ನೇಯ್ಗೆ ಬೆರಳಿಗೆ ಗುರುತು ಸಿಗುತ್ತದೆ, ಸೀರೆಯ ನಯ ಬೇರೆ, ಹಾಗಾಗಿ ಯಾವ ಪುಟದಲ್ಲಿ ಇದ್ದೇನೆ ಅನ್ನೋದೂ ಗೊತ್ತಾಗುತ್ತದೆ.

ಅಚ್ಚಾದ ಕತೆ ಪುಸ್ತಕ ಆರಿಸುವಾಗ ನನ್ನದು ಸ್ವಲ್ಪ ಹಟ. ಕೊನೆಯ ಪುಟದಲ್ಲಿ ಪವಾಡದಿಂದ ಕಣ್ಣು ಬರುವ ಕತೆ ಬೇಡ. ಕಿವಿ ಕೇಳದ ಹುಡುಗ ಎಲ್ಲರಿಗಿಂತ ಒಳ್ಳೆಯವನಾಗಿರೋದೂ ಬೇಡ. ಅವನು ಜಗಳ ಆಡಲಿ, ಲೆಕ್ಕ ತಪ್ಪು ಮಾಡಲಿ. ನಮ್ಮ ಕಡೆ ಇನ್ನೊಂದಿದೆ. ಕಣ್ಣು ಕಾಣದ ಮಗು ಅಂದ ಕೂಡಲೇ ಹಿರಿಯರು "ಗದಗಿಗೆ ಕಳಸ್ರಿ" ಅನ್ನುತ್ತಾರೆ. ತಪ್ಪೇನಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳನ್ನು ಗಾಯಕರನ್ನಾಗಿ ಮಾಡಿದರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು. ಅವರ ಕತೆ ನಾನೂ ಹೇಳುತ್ತೇನೆ. ಆದರೆ ಸಂತೆಯಲ್ಲಿ ಕೂರುವ ನಮ್ಮ ಹುಡುಗಿಗೆ ಹಾಡು ಬರೋದಿಲ್ಲ, ಅವಳಿಗೆ ವ್ಯಾಪಾರ ಇಷ್ಟ. ಅದಕ್ಕೂ ಜಾಗ ಇರಬೇಕು ಅಲ್ವಾ?

ಕಿವಿಗೆ ಹತ್ತಿ ಇಡೋದರಿಂದ ಕಿವುಡುತನ ತಿಳಿಯೋದಿಲ್ಲ, ಸದ್ದು ಸ್ವಲ್ಪ ಕಡಿಮೆ ಆಗುತ್ತದೆ ಅಷ್ಟೇ. ನಾನು ದನಿ ಇಲ್ಲದೆ ಬರೀ ತುಟಿ ಆಡಿಸಿ ಒಂದು ಮಾತು ಹೇಳುತ್ತೇನೆ. "ಮಳಿ ಅಂದ್ರಿ!" ಅಂತ ಅರ್ಧ ತರಗತಿ, "ಇಲ್ಲರಿ, ಬಳಿ!" ಅಂತ ಇನ್ನರ್ಧ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ಕ, ಗ ಅಂತೂ ಬಾಯೊಳಗೇ ಮುಗಿದುಹೋಗುತ್ತವೆ. ಇದಾದಮೇಲೆ ಬೋರ್ಡಿನ ಕಡೆ ತಿರುಗಿ ಅದನ್ನೇ ಹೇಳುತ್ತೇನೆ. ಆಗ ತುಟಿಯೂ ಇಲ್ಲ. ಹಿಂದೆ ಕೂತ ಮೇಷ್ಟ್ರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಕಿಟಕಿಗೆ ಬೆನ್ನು ಹಾಕಿ ನಿಂತರೂ ಅಷ್ಟೇ, ಬೆಳಕು ಹಿಂದಿರುವಾಗ ಮುಖ ಕಪ್ಪು. ಶ್ರವಣ ಸಾಧನ ಹಾಕಿದ್ದಾನಲ್ಲ ಅನ್ನುವವರಿಗೆ ಒಂದು ಮಾತು: ಅದು ಮೇಷ್ಟ್ರ ಮಾತಿನ ಜೊತೆ ಬೆಂಚು ಎಳೆಯುವ ಸದ್ದನ್ನೂ ದೊಡ್ಡದು ಮಾಡುತ್ತದೆ.

ಸನ್ನೆ ಭಾಷೆಯ ಪಾಠಕ್ಕೆ ಕೇಳದ ಹುಡುಗನೇ ಮೇಷ್ಟ್ರು. ಅವನ ಮೊದಲ ಕೆಲಸ ಎಲ್ಲರಿಗೂ ಸನ್ನೆಯ ಹೆಸರು ಇಡೋದು. ಎರಡು ಜಡೆಯವಳಿಗೆ ಜಡೆ ಎಳೆದು ತೋರಿಸಿದ, ಗಲ್ಲದಲ್ಲಿ ಕುಳಿ ಬೀಳುವವನಿಗೆ ಗಲ್ಲ ಚುಚ್ಚಿದ. ಹೆಡ್‌ಮಾಸ್ತರರ ಸರದಿ ಬಂದಾಗ ಎರಡೂ ಕೈಯಲ್ಲಿ ಪ್ಯಾಂಟು ಮೇಲೆತ್ತಿಕೊಂಡ. ಪಾಪ, ಅವರೂ ನಕ್ಕು ಒಪ್ಪಿಕೊಂಡರು. ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣ ಇದೆ ಅನ್ನೋದು ಇಲ್ಲಿ ತಾನಾಗಿ ಬರುತ್ತದೆ. ಪ್ರಶ್ನೆ ಕೊನೆಗೆ: ನಿನ್ನ, ಹೆಸರು, ಏನು. ಕನ್ನಡದ ಮಕ್ಕಳಿಗೆ ಇದು ಸಲೀಸು, ನಾವೂ ಹಾಗೇ ಕೇಳೋದು. ಮುಂದೆ ಕಲಿಯೋಕೆ ದೆಹಲಿಯ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟು ಇದೆ, 2021ರ ಹೊತ್ತಿಗೆ 10,000 ಪದ. ಶಾಲೆಯ ಮೊಬೈಲಿನಲ್ಲೇ ನೋಡಬಹುದು.

ಈ ಚಟುವಟಿಕೆ ಮಾಡಿಸುವ ಶಿಕ್ಷಕರಿಗೆ ಒಂದು ಕೆಲಸ ಹೇಳಿಬಿಡುತ್ತೇನೆ. ಮಳಿ-ಬಳಿ ಆಟದಲ್ಲಿ ಯಾವ ಮಗು ಎಲ್ಲರಿಗಿಂತ ಬೇಗ ತುಟಿ ಓದುತ್ತದೆ ಅಂತ ನೋಡಿ. ಅದು ಬಹಳ ದಿನದಿಂದ ಹಾಗೇ ಕೇಳಿಸಿಕೊಳ್ಳುತ್ತಿರಬಹುದು. ಕಿವಿ ಸೋರುವ ಮಗು, ಬೋರ್ಡು ಬಿಟ್ಟು ಪಕ್ಕದವನ ಪಟ್ಟಿ ನೋಡಿ ಬರೆಯುವ ಮಗು, ಇವರ ಹೆಸರನ್ನು ಆ ದಿನವೇ ಬರೆದಿಟ್ಟುಕೊಳ್ಳಿ. ಮಕ್ಕಳ ತಪಾಸಣೆಗೆ ಆರ್‌ಬಿಎಸ್‌ಕೆ, ಅಂದ್ರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುತ್ತದೆ, ಬಂದಾಗ ಮೊದಲು ಇವರನ್ನು ತೋರಿಸಿ. ಅಲ್ಲಿಯವರೆಗೆ ಸೋರುವ ಕಿವಿಗೆ ಎಣ್ಣೆ ಬಿಡಬೇಡಿ ಅಂತ ಮನೆಯವರಿಗೆ ಹೇಳಿ ಕಳಿಸಿ.