ಊರಿನ ಗ್ರಂಥಾಲಯಕ್ಕೆ ಕೋಹಾ: ಹುಡುಕಾಟ ಸರಿಹೋಯಿತು

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಬಳಿಯ ನಮ್ಮ ಗ್ರಂಥಾಲಯ ಪುಸ್ತಕಗಳ ಪಟ್ಟಿಯನ್ನು ಇಡುವುದು ಕೋಹಾ ಎಂಬ ಮುಕ್ತ ತಂತ್ರಾಂಶದಲ್ಲಿ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ತಂತ್ರಾಂಶದಲ್ಲಿ. ಅದರಲ್ಲಿ ‘ರಾಜ್‌ಕುಮಾರ್’ ಎಂದು ಹುಡುಕಿದರೆ ಕಪಾಟಿನಲ್ಲಿದ್ದ ಪುಸ್ತಕವೂ ಇಲ್ಲವೆಂದು ಬರುತ್ತಿತ್ತು. ‘ಜ್’ ಮತ್ತು ‘ಕು’ ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಯೂನಿಕೋಡ್ ಸಂಕೇತವೊಂದಿದೆ. ಪಟ್ಟಿ ಮಾಡಿದವರು ಅದನ್ನು ಬಿಟ್ಟು, ಹುಡುಕುವವರು ಹಾಕಿದರೆ ಯಂತ್ರಕ್ಕೆ ಅವೆರಡೂ ಬೇರೆ ಹೆಸರುಗಳು. ಕೋಹಾದೊಳಗೆ ಹುಡುಕಾಟ ನಡೆಸುವ ಝೀಬ್ರಾ ಎಂಬ ಭಾಗವನ್ನು, ಯೂನಿಕೋಡ್ ಅಕ್ಷರಗಳನ್ನು ಅರಿಯುವ ಐಸಿಯು ಎಂಬ ವಿಧಾನದಲ್ಲಿ ಪದಗಳ ಸೂಚಿ ಕಟ್ಟುವಂತೆ ಬದಲಾಯಿಸಿ, ಆ ಸಂಕೇತವನ್ನು ತೆಗೆದುಹಾಕುವ ಒಂದು ಸಾಲು ಸೇರಿಸಿ, ಸೂಚಿಯನ್ನು ಮತ್ತೆ ಕಟ್ಟಿದೆ. ಈಗ ಹೇಗೆ ಟೈಪಿಸಿದರೂ ಪುಸ್ತಕ ಸಿಗುತ್ತದೆ.

ಮುಕ್ತ ತಂತ್ರಾಂಶವನ್ನು ನಾನು ಪ್ರೀತಿಸುವುದು ಇದಕ್ಕೇ. ಗಡಿನಾಡಿನ ಕೆಲವೇ ಓದುಗರಿಗಾಗಿ ಆ ಸಾಲನ್ನು ಬರೆಯಲು ನಾನು ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ಕೋಹಾ ಹುಟ್ಟಿದ್ದೂ ಇಂಥದೇ ಅಗತ್ಯದಿಂದ: 2000ನೇ ಇಸವಿಯ ದಿನಾಂಕಗಳನ್ನು ನಿಭಾಯಿಸಲಾರದ ಹಳೆಯ ವ್ಯವಸ್ಥೆಯ ಬದಲಿಗೆ ನ್ಯೂಜಿಲೆಂಡಿನ ಒಂದು ಗ್ರಂಥಾಲಯ ಟ್ರಸ್ಟ್ 1999ರಲ್ಲಿ ಇದನ್ನು ಬರೆಸಿ, ಮುಂದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಮುಕ್ತ ತಂತ್ರಾಂಶದಲ್ಲೇ ಆದ್ದರಿಂದ, ನೆರವಿಗೆ ಬರುವ ಕನ್ನಡ ಮಾಧ್ಯಮದ ಮಕ್ಕಳಿಗೆ ಕೋಹಾ ನಡೆಯುವ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಹೊಸತಲ್ಲ.

ಆದರೆ ಸಮಿತಿಯ ಸಭೆಯಲ್ಲಿ ‘ಇದಕ್ಕೆ ದುಡ್ಡೇ ಬೇಡವಲ್ಲ’ ಎಂಬ ಮಾತು ಬಂದಾಗ ಸುಮ್ಮನಿರಲು ಮನಸ್ಸಾಗಲಿಲ್ಲ. ಪರವಾನಗಿಗೆ ಬೇಡ, ನಿಜ. ಬ್ಯಾಕಪ್ ಡಿಸ್ಕಿಗೆ ಬೇಕು, ಮಳೆಗಾಲದಲ್ಲಿ ಕರೆಂಟು ಹೋದಾಗ ನಡೆಸುವ ಇನ್ವರ್ಟರಿಗೆ ಬೇಕು. ಇಂಗ್ಲಿಷ್ ಪುಸ್ತಕಗಳ ವಿವರ ಎಷ್ಟೋ ಸಲ ಐಎಸ್‌ಬಿಎನ್ ಎಂಬ ಗುರುತುಸಂಖ್ಯೆ ಕೊಟ್ಟರೆ ಬೇರೆ ಗ್ರಂಥಾಲಯಗಳಿಂದ ಬಂದುಬಿಡುತ್ತದೆ. ಆ ಸಂಖ್ಯೆಯೇ ಇಲ್ಲದ ನಮ್ಮ ಹಳೆಯ ಯಕ್ಷಗಾನ ಪ್ರಸಂಗಗಳನ್ನು ಒಂದೊಂದಾಗಿ ಕೈಯಲ್ಲೇ ದಾಖಲಿಸಬೇಕು. ಆ ಸಂಜೆಗಳ ದುಡಿಮೆ ಯಾವ ಲೆಕ್ಕಪುಸ್ತಕದಲ್ಲೂ ಇಲ್ಲ.

ಎಲ್ಲವೂ ಒಬ್ಬರ ತಲೆಯ ಮೇಲೆ ಕೂರುವುದು ನನಗೆ ಇನ್ನೂ ದೊಡ್ಡ ಚಿಂತೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಮುಕ್ತ ತಂತ್ರಾಂಶದಲ್ಲಿ ಹೊರಗಿನವರು ಕದ್ದು ಒಳನುಗ್ಗಬಹುದಾದ ಹಿಂಬಾಗಿಲೊಂದು ಪತ್ತೆಯಾಯಿತು. ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬಳಲಿದ್ದರು. ನೆರವಿನ ಹೆಸರಿನಲ್ಲಿ ನಂಬಿಕೆ ಗಳಿಸಿದ ಖಾತೆಯೊಂದರಿಂದಲೇ ಆ ಹಿಂಬಾಗಿಲು ಒಳಬಂದಿತ್ತು. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಹುಡುಕಿಕೊಂಡು ಹೋದದ್ದರಿಂದ ಬಯಲಾಯಿತು. ಡೆಬಿಯನ್ ಎಂಬ ಲಿನಕ್ಸ್‌ನ ಸ್ಥಿರ ಆವೃತ್ತಿಯನ್ನು ಆ ಹಿಂಬಾಗಿಲು ತಲುಪಿರಲಿಲ್ಲ. ನಾವು ಬಳಸುವುದು ಆ ಸ್ಥಿರ ಆವೃತ್ತಿಯನ್ನೇ.

ನಿರ್ವಹಣೆಗೆಂದು ವರ್ಷಕ್ಕೊಂದು ಮೊತ್ತ ತೆಗೆದಿಡಲು ಸಮಿತಿ ಒಪ್ಪಿದೆ. ಮುಂದಿನ ಕೆಲಸ: ಇಬ್ಬರು ವಿದ್ಯಾರ್ಥಿಗಳು ನನ್ನ ನೆರವಿಲ್ಲದೆ, ಬರೆದಿಟ್ಟ ಟಿಪ್ಪಣಿಗಳನ್ನಷ್ಟೇ ನೋಡಿಕೊಂಡು, ಬ್ಯಾಕಪ್‌ನಿಂದ ಇಡೀ ಪಟ್ಟಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಮರುಸ್ಥಾಪಿಸಬೇಕು. ಅವರು ಎಲ್ಲಿ ಸಿಕ್ಕಿಬೀಳುತ್ತಾರೋ ಅಲ್ಲಿ ಟಿಪ್ಪಣಿಯನ್ನು ತಿದ್ದುತ್ತೇನೆ.