ತೋಟದ ಬಂಡೆಗಳ ಮ್ಯಾಪ್: ಕೆಲಸ ಎಲ್ಲಿಗೆ ಬಂತು

ಮಳೆ ಬಿಟ್ಟಿದೆ, ಜಿಗಣೆ ಕಾಟವೂ ಕಡಿಮೆ, ಹಾಗಾಗಿ ಕೆಲಸ ಮತ್ತೆ ಶುರು. ಹೊಸದಾಗಿ ಓದುವವರಿಗೆ ಒಂದು ಮಾತು: ಕೊಡಗಿನ ಕಕ್ಕಬೆ ಸುತ್ತಿನ ಕಾಫಿ ತೋಟ, ಗದ್ದೆ ಬದಿ, ಹೊಳೆ ದಂಡೆಯಲ್ಲಿರುವ ದೊಡ್ಡ ಬಂಡೆಗಳನ್ನು ಅಳೆದು, ಫೋಟೋ ತೆಗೆದು, ಮ್ಯಾಪಿನಲ್ಲಿ ಗುರುತು ಹಾಕುತ್ತಿದ್ದೇನೆ. ಪ್ರತಿ ಬಂಡೆಗೂ ಒಂದೇ ಪ್ರಶ್ನೆ. ಇದು ಇಲ್ಲಿಯದೇನಾ, ಬೇರೆ ಕಡೆಯಿಂದ ಬಂದದ್ದಾ?

ಈ ಹುಚ್ಚು ಹತ್ತಿದ್ದು ಹಿಮನದಿ ಹೊತ್ತು ತಂದ ಬಂಡೆಗಳ ಬಗ್ಗೆ ಓದಿ. ಕೆನಡಾದ ಆಲ್ಬರ್ಟಾದಲ್ಲಿ, ಓಕೊಟಾಕ್ಸ್ ಊರಿನ ಹತ್ತಿರ, ಬಯಲಿನ ಮಧ್ಯೆ ಸುಮಾರು 16,500 ಟನ್ ತೂಕದ ಒಂದು ಬಂಡೆ ಇದೆ. ಎತ್ತರ 9 ಮೀಟರ್, ಉದ್ದ 41 ಮೀಟರ್. ಸುತ್ತಮುತ್ತ ನೆಲದಲ್ಲಿ ಅಂಥ ಕಲ್ಲೇ ಇಲ್ಲ. ಜಾಸ್ಪರ್ ಕಡೆಯ ರಾಕಿ ಬೆಟ್ಟ ಜರಿದು ಹಿಮನದಿಯ ಬೆನ್ನ ಮೇಲೆ ಬಿದ್ದ ಕಲ್ಲು ಅದು, ಐಸ್ ಅದನ್ನು ನೂರಾರು ಕಿಲೋಮೀಟರ್ ಹೊತ್ತು ತಂದು, ಕರಗುವಾಗ ಅಲ್ಲೇ ಬಿಟ್ಟಿತು. ಉರುಳಿಕೊಂಡು ಬಂದಿಲ್ಲ, ಮೇಲೆ ಕೂತು ಬಂದಿದೆ. ಅದಕ್ಕೇ ಅದರ ಮೂಲೆಗಳು ಇನ್ನೂ ಚೂಪಾಗಿವೆ!

ನಾನು ಟೇಪು ಹಿಡಿದಿದ್ದನ್ನು ನೋಡಿ ಪಕ್ಕದ ತೋಟದ ಮಾವ ಬಂದರು. "ಅದೆಲ್ಲ ಹಿಂದೆ ಪ್ರಳಯದಲ್ಲಿ ಉರುಳಿ ಬಂದದ್ದು ಮಗ, ನಮ್ಮಜ್ಜ ಹೇಳ್ತಿದ್ರು" ಅಂದರು. ಯುರೋಪಿನಲ್ಲೂ ಬಹಳ ಜನ ಹೀಗೇ ನಂಬಿದ್ದರು. ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟ ಪೂರ್ತಿ ಸುಣ್ಣದಕಲ್ಲು, ಅದರ ಮೇಲೆ ಆಲ್ಪ್ಸ್‌ನ ಗ್ರಾನೈಟ್ ಬಂಡೆಗಳು ಕೂತಿವೆ, ದೊಡ್ಡ ಪ್ರವಾಹವೇ ತಂದಿರಬೇಕು ಅಂತ. ಐಸ್ ತಂದದ್ದು ಅಂತ ಮೊದಲು ಕಂಡುಕೊಂಡವರಲ್ಲಿ ಜಾನ್ ಪಿಯರ್ ಪೆರೋಡಾನ್ ಅನ್ನುವ ಬೆಟ್ಟದ ಬೇಟೆಗಾರನೂ ಇದ್ದ. ಎಂಜಿನಿಯರ್ ವೆನೆಟ್ಸ್, ಭೂವಿಜ್ಞಾನಿ ಶಾರ್ಪಾಂಟಿಯೇ ಅದನ್ನು ಮುಂದುವರಿಸಿದರು. 1837ರಲ್ಲಿ ವಿಜ್ಞಾನಿ ಲೂಯಿ ಅಗಾಸಿ ನ್ಯೂಶಾಟೆಲ್‌ನಲ್ಲಿ ಹಿಮಯುಗದ ಮಾತೆತ್ತಿದಾಗ ಸಭೆಯಲ್ಲಿ ಸುಮಾರು ಜನ ಒಪ್ಪಲಿಲ್ಲ. ಬೆಟ್ಟದಲ್ಲೇ ಓಡಾಡುವವನ ಕಣ್ಣಿಗೆ ಇದು ಮೊದಲು ಬಿತ್ತು ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ.

ಅದೇ ಪರೀಕ್ಷೆಯನ್ನು ಇಲ್ಲಿ ಮಾಡುತ್ತಿದ್ದೇನೆ, ಅಂದರೆ ಬಂಡೆಯ ಕಲ್ಲು ಕೆಳಗಿನ ನೆಲದ ಕಲ್ಲಿಗೆ ಹೊಂದುತ್ತಾ ಅಂತ. ಪಾಚಿ, ಕಲ್ಲುಹೂವು ಜಾಸ್ತಿ, ಹಾಗಾಗಿ ಒಂದು ಅಂಗೈಯಷ್ಟು ಜಾಗ ತೆಂಗಿನ ನಾರಿನಲ್ಲಿ ಉಜ್ಜಿ ಲೆನ್ಸಿನಲ್ಲಿ ನೋಡುತ್ತೇನೆ. ಆಮೇಲೆ ಹತ್ತಿರದಲ್ಲಿ ರಸ್ತೆಗೆ ಬರೆ (ಗುಡ್ಡದ ಬದಿ) ಕಡಿದ ಕಡೆ ಹೋಗಿ ಹೋಲಿಸುತ್ತೇನೆ. ಇಳಿಜಾರಿನ ತೋಟಗಳಲ್ಲಿ ಇಲ್ಲಿಯವರೆಗೆ ನೋಡಿದ್ದೆಲ್ಲ ಹೊಂದಿದೆ. ಹಸಿರುಮಿಶ್ರಿತ ಬೂದು ಬಣ್ಣದ, ಎಣ್ಣೆ ಹಚ್ಚಿದಂತೆ ಹೊಳೆಯುವ ಚಾರ್ನೊಕೈಟ್ ಅನ್ನುವ ಕಲ್ಲು, ಇಲ್ಲವೇ ಪಟ್ಟೆ ಇರುವ ನೈಸ್ ಅನ್ನುವ ಕಲ್ಲು. ಕೊಡಗಿನ ಈ ಕಲ್ಲುಗಳಲ್ಲಿ 300 ಕೋಟಿ ವರ್ಷ ದಾಟಿದವು ಇವೆ.

ಹಾಗಾದರೆ ಇಷ್ಟು ಗುಂಡಗೆ ಹೇಗಾದವು? ನೆಲದಡಿಯ ಕಲ್ಲಿನಲ್ಲಿ ಬಿರುಕುಗಳಿರುತ್ತವೆ, ಮಳೆನೀರು ಅದರಲ್ಲಿ ಇಳಿದು ಕಲ್ಲನ್ನು ನಿಧಾನಕ್ಕೆ ಮಣ್ಣು ಮಾಡುತ್ತದೆ, ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಅವು ಮೊದಲು ಸವೆಯುತ್ತವೆ. ನಡುವಿನ ತಿರುಳು ಈರುಳ್ಳಿ ಥರ ಪದರ ಬಿಡುತ್ತಾ ಉಳಿಯುತ್ತದೆ. ಸುತ್ತಲಿನ ಮಣ್ಣು ಕೊಚ್ಚಿಹೋದಾಗ ಬಂಡೆ ಮೇಲೆ ಕಾಣುತ್ತದೆ. ಬಂಡೆ ಬಂದಿಲ್ಲ, ಮಣ್ಣು ಹೋಗಿದೆ. ಬರೆ ಕಡಿದ ಒಂದು ಕಡೆ ಇದು ಅರ್ಧಕ್ಕೆ ನಿಂತ ಹಾಗೆ ಕಂಡಿತು, ಕೆಂಪು ಮಣ್ಣಿನೊಳಗೆ ಸಾಲಾಗಿ ಗುಂಡುಕಲ್ಲುಗಳು, ಇನ್ನೂ ಹೊರಗೆ ಬಂದೇ ಇಲ್ಲ. ಮಾವನನ್ನು ಕರೆದುಕೊಂಡು ಹೋಗಿ ತೋರಿಸಿದೆ. ತುಂಬಾ ಹೊತ್ತು ನೋಡಿ, "ಹಾಗಾದ್ರೆ ನಮ್ಮ ತೋಟದ ಅಡಿಯಲ್ಲಿ ಇನ್ನೂ ಎಷ್ಟಿವೆಯೋ" ಅಂದರು.

ಕಷ್ಟ ಇರುವುದು ಬರೆ ಜರಿದ ಜಾಗಗಳಲ್ಲಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಕಡೆ ಗುಡ್ಡ ಜರಿದು ಬಂದದ್ದು ನೆನಪಿದೆ ಅಲ್ವಾ? ಅಂಥ ಕಡೆ ಕೆಸರು, ಜಲ್ಲಿ, ಮನೆಯಷ್ಟು ಬಂಡೆ ಎಲ್ಲ ಕಲಸಿಕೊಂಡು ಬೀಳುತ್ತದೆ. ಹಿಮನದಿ ಬಿಟ್ಟುಹೋದ ರಾಶಿಯೂ ಹೀಗೇ ಇರುತ್ತದೆ. ಹೊಳೆಯಾದರೆ ದೊಡ್ಡದು ಸಣ್ಣದು ಬೇರೆ ಮಾಡುತ್ತದೆ, ಇವೆರಡೂ ಮಾಡಲ್ಲ. ಕೊಡಗಿಗೆ ಹಿಮಯುಗದ ಐಸ್ ಬಂದಿಲ್ಲ, ನಾವು ಸಮಭಾಜಕಕ್ಕೆ ಹತ್ತಿರ, ಇಲ್ಲಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ಕೂಡ 1,748 ಮೀಟರ್ ಅಷ್ಟೇ. ಆದರೂ ಐಸಿನ ಕೆಲಸವನ್ನು ಗುರುತಿಸಲು ಕಲಿಯಬೇಕು ಅಂತ ಆಸೆ. ಐಸಿನ ತಳದಲ್ಲಿ ಸಿಕ್ಕಿ ಉಜ್ಜಿಕೊಂಡು ಬಂದ ಕಲ್ಲಿನ ಮುಖ ಚಪ್ಪಟೆಯಾಗಿ, ಅದರ ಮೇಲೆ ಸಾಲು ಗೀರುಗಳಿರುತ್ತವೆ.

ಅದನ್ನು ನೋಡಲು ಹಿಮಾಲಯಕ್ಕೇ ಹೋಗಬೇಕಿಲ್ಲ. ಒಡಿಶಾದ ತಾಲ್ಚೇರ್‌ನಲ್ಲಿ ಸುಮಾರು 30 ಕೋಟಿ ವರ್ಷ ಹಿಂದಿನ ಹಿಮನದಿ ಕಾಲದ ಬಂಡೆ ಪದರ ಇದೆ, 1856ರಲ್ಲೇ ಭೂವಿಜ್ಞಾನಿಗಳಾದ ಬ್ಲಾನ್‌ಫರ್ಡ್ ಸಹೋದರರು ಅದು ಐಸಿನ ಕೆಲಸ ಅಂದಿದ್ದರು. ಮಹಾರಾಷ್ಟ್ರದ ಚಂದ್ರಪುರದ ಹತ್ತಿರ ಇರೈ ಅನ್ನುವಲ್ಲಿ ಐಸ್ ಗೀಚಿದ ಸುಣ್ಣದಕಲ್ಲಿನ ನೆಲವೇ ಇದೆ.

ಮುಂದೆ ಕೊಲ್ಲಿಯ (ಅಂದರೆ ಇಲ್ಲಿನ ಸಣ್ಣ ತೊರೆಯ) ಕಲ್ಲುಗಳು. ನೀರು ಇಳಿದ ಮೇಲೆ ಮೇಲಿನಿಂದ ಕೆಳಗೆ ಗಾತ್ರ, ಆಕಾರ ಅಳೆಯಬೇಕು. ಚಂದ್ರಪುರ ಕಡೆ ಹೋಗುವವರು ಯಾರಾದರೂ ಇದ್ದರೆ, ಆ ಗೀರುಗಳ ಪಕ್ಕ ಅಳತೆಗೆ ಒಂದು ನಾಣ್ಯ ಇಟ್ಟು ಫೋಟೋ ಕಳಿಸಿ, ದಯವಿಟ್ಟು.