ರೋಮೋ ಮೈದಾನಕ್ಕಿಳಿದ ರಾತ್ರಿ

2006ರ ಅಕ್ಟೋಬರ್ 23, ಸೋಮವಾರ. ದೀಪಾವಳಿಯ ಚಕ್ಕುಲಿ ಇನ್ನೂ ಉಳಿದಿತ್ತು. ಡಬ್ಬಿ ಹಿಡಿದು ಆಫೀಸಿನ ದಾವಣಗೆರೆಯವರೊಬ್ಬರ ಮನೆಗೆ ಹೋದೆ. ಟಿವಿಯಲ್ಲಿ ಡಲ್ಲಾಸ್ ಕೌಬಾಯ್ಸ್, ನ್ಯೂಯಾರ್ಕ್ ಜೈಂಟ್ಸ್ ತಂಡಗಳ ಅಮೆರಿಕನ್ ಫುಟ್‌ಬಾಲ್ ಆಟ. ಸ್ಟೇಡಿಯಂ ನಾವಿದ್ದ ಅರ್ವಿಂಗ್‌ನಲ್ಲೇ ಇತ್ತು. ಟಿಕೆಟ್ ಬೆಲೆ ಕೇಳಿಯೇ ಸುಮ್ಮನಾಗಿದ್ದೆವು.

ಟೆಕ್ಸಸ್‌ಗೆ ಬಂದು ಮೂರೇ ತಿಂಗಳಾಗಿದ್ದ ನನಗೆ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯೋದು ಅಷ್ಟೇ. "ಇಲ್ಲಿ ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರ್ತದ ನೋಡ್ರಿ. ಯಾರಿಗೆ ಎಸೀಬೇಕು ಅಂತ ಅವನೇ ನೋಡಬೇಕು. ಅಷ್ಟರಾಗ ನಾಲ್ಕು ಮಂದಿ ಮೈಮೇಲೆ ಬಿದ್ದಿರ್ತಾರ," ಅಂತ ಅವರೇ ಪಾಠ ಹೇಳಿದರು.

ಅರ್ಧ ಆಟಕ್ಕೆ ಜೈಂಟ್ಸ್ 12, ಕೌಬಾಯ್ಸ್ 7. ಕೌಬಾಯ್ಸ್ ಕೋಚ್ ಬಿಲ್ ಪಾರ್ಸೆಲ್ಸ್ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋ ಅವರನ್ನು ಕೂರಿಸಿ, ಟೋನಿ ರೋಮೋನನ್ನು ಇಳಿಸಿದರು. ಬ್ಲೆಡ್ಸೋ 1993ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಎಲ್ಲರಿಗಿಂತ ಮೊದಲು ಆಯ್ಕೆಯಾದವರು. 2001ರಲ್ಲಿ ಹಳೇ ತಂಡದಲ್ಲಿ ಅವರು ಗಾಯಗೊಂಡಾಗ ಆ ಜಾಗಕ್ಕೆ ಬಂದದ್ದು 199ನೇ ಆಯ್ಕೆಯ ಟಾಮ್ ಬ್ರೇಡಿ. ಪಾಪ, ಈಗ ಇನ್ನೊಂದು ಸಲ. ರೋಮೋನ ಕಥೆ ಬ್ರೇಡಿಗಿಂತಲೂ ಕಷ್ಟದ್ದು. 2003ರಲ್ಲಿ 262 ಜನರನ್ನು ಆರಿಸಿದರು, ಅದರಲ್ಲಿ ಇವನ ಹೆಸರೇ ಇಲ್ಲ. ಮೂರು ಸೀಸನ್ ಒಂದೇ ಒಂದು ಪಾಸ್ ಎಸೆಯದೆ ಕೂತ. ಕಿಕ್ ಹೊಡೆಯುವವನಿಗೆ ಚೆಂಡು ಹಿಡಿದು ಕೊಡೋದು ಅವನ ಕೆಲಸ. ನಮ್ಮ ಕ್ರಿಕೆಟ್‌ನಲ್ಲಿ ಡ್ರಿಂಕ್ಸ್ ತರುವ ಹನ್ನೆರಡನೆಯವನ ಹಾಗೆ ಅಲ್ವಾ? ನನಗೆ ಅವನು ಹಿಡಿಸಿಬಿಟ್ಟ. ನಾನೂ ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲೇ ಇದ್ದೆ.

ಬಂದ. ಮೊದಲ ಎಸೆತವೇ ಎದುರಾಳಿ ಕೈಗೆ. ಆಮೇಲೆ ಇನ್ನೂ ಎರಡು ಹಾಗೇ. ಒಂದನ್ನಂತೂ ಜೈಂಟ್ಸ್‌ನವನು ಹಿಡಿದು 96 ಗಜ ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿಬಿಟ್ಟ. 36-22ಕ್ಕೆ ಸೋತರು.

"ಮುಗೀತು ಬಿಡಿ ಇವನ ಕಥೆ," ಅಂದೆ.

"ಎರಡು ಟಚ್‌ಡೌನೂ ಹಾಕ್ಯಾನ, ಅದು ಕಾಣಲಿಲ್ಲೇನ್ರಿ?" ಅಂದರು ದಾವಣಗೆರೆಯವರು. ಕಂಡಿರಲಿಲ್ಲ. ನಾನು ಆಗ ಚಕ್ಕುಲಿ ಡಬ್ಬಿಯ ತಳ ನೋಡ್ತಿದ್ದೆ.

ಮುಂದಿನ ಭಾನುವಾರ ರೋಮೋನೇ ಮೊದಲಿಗೆ ಇಳಿದ, ಕ್ಯಾರೊಲೈನಾ ವಿರುದ್ಧ 35-14 ಗೆಲುವು. ಆಮೇಲೆ ಆ ಜಾಗ ಅವನದೇ ಆಯಿತು. ಆದರೆ ಚೆಂಡು ಹಿಡಿದು ಕೊಡುವ ಹಳೇ ಕೆಲಸವನ್ನು ಅವನ ಕೈಯಿಂದ ತೆಗೆಯಲಿಲ್ಲ. ನನಗೆ ಇವತ್ತಿಗೂ ಅರ್ಥವಾಗದ್ದು ಇದೇ.

2007ರ ಜನವರಿ 6, ಸಿಯಾಟಲ್‌ನಲ್ಲಿ ಪ್ಲೇಆಫ್. 21-20ರಿಂದ ಹಿಂದಿದ್ದರು. ಕೊನೆಯ ನಿಮಿಷಗಳು, 19 ಗಜದ ಕಿಕ್, ಒಳಗೆ ಹೋದರೆ ಕೌಬಾಯ್ಸ್ ಮುಂದೆ, ಮಕ್ಕಳೂ ಹೊಡೆಯಬಹುದು. ಚೆಂಡು ರೋಮೋನ ಬೆರಳಿಂದ ಜಾರಿತು. ಎತ್ತಿಕೊಂಡು ಓಡಿದ, ಗೆರೆಯ ಹತ್ತಿರವೇ ಹಿಡಿದು ಕೆಡವಿದರು.

ದಾವಣಗೆರೆಯವರು ಟಿವಿ ಆರಿಸಿದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು ಎದ್ದು, "ಅನ್ನ ಸಾರು ಐತಿ, ಬಿಸಿ ಮಾಡ್ಲೇನು?" ಅಂದರು.